ಮುಂದಿನ ಬೆಳೆವರೆಗೆ: ಸಾಲು ಕಾಯ್ದ ನೂರುನ್ನೀಸಾ ಮೇಡಂ

ಆಟದ ಉದ್ಯಾನಗಳ ಬಗ್ಗೆ ಬರೆಯುವವರು ಯಂತ್ರಗಳ ಎತ್ತರವನ್ನೂ ವೇಗವನ್ನೂ ತಪ್ಪದೆ ಬರೆಯುತ್ತಾರೆ. ಅವುಗಳ ಮುಂದೆ ಜನ ನಿಲ್ಲುವ ಸಾಲಿನ ಬಗ್ಗೆ ಒಂದಕ್ಷರ ಬರೆದವರನ್ನು ನಾನು ಕಂಡಿಲ್ಲ. ಒಂದು ದಿನ ಹಾಯಾಗಿರೋಣವೆಂದು ಬಂದ ಸಂಸಾರ ಆ ದಿನದ ಮುಕ್ಕಾಲು ಪಾಲನ್ನು ಕಳೆಯುವುದು ಸಾಲಿನಲ್ಲಿಯೇ. ಆ ಸಾಲನ್ನು ಒಂದು ವಿದ್ಯೆಯೆಂದು ಬಗೆದು, ಹದಿನಾರು ವರ್ಷ ಅದರ ತಲೆಯಲ್ಲಿ ನಿಂತು ಸೇವೆ ಸಲ್ಲಿಸಿ, ಈ ತಿಂಗಳ ಕೊನೆಗೆ ಅರವತ್ತು ತುಂಬಿ ನಿವೃತ್ತರಾಗುತ್ತಿರುವ ನಮ್ಮ ಚಂದ್ರವನ ಉದ್ಯಾನದ ಸಾಲು ವಿಭಾಗದ ಮುಖ್ಯಸ್ಥೆ ಶ್ರೀಮತಿ ನೂರುನ್ನೀಸಾ ಅವರನ್ನು ಕುರಿತು ಈ ಅಭಿನಂದನಾ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಅವರ ಕೆಲಸಕ್ಕೆ ಒಮ್ಮೆ ಕುತ್ತು ತಂದವನೂ ನಾನೇ ಆದ್ದರಿಂದ, ಆ ಕಥೆಯನ್ನೂ ಇಲ್ಲಿ ಸೇರಿಸುತ್ತಿರುವುದನ್ನು ಓದುಗರು ಮನ್ನಿಸಬೇಕು.

ಮೇಡಂ ಅವರದು ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವರ ಮನೆತನ. ರೇಷ್ಮೆಗೂಡು ಮಾರುಕಟ್ಟೆಗೆ ಯಾವ ವಾರ ಹೆಚ್ಚು ಬರುತ್ತದೆ, ಯಾವ ವಾರ ಬರುವುದಿಲ್ಲ ಎಂಬುದನ್ನು ಅವರು ಅಡುಗೆಮನೆಯಲ್ಲಿ ಕೂತೇ ಹೇಳಬಲ್ಲರು. ೨೦೦೯ರಲ್ಲಿ ಚಿಕ್ಕಬಳ್ಳಾಪುರ–ಗೌರಿಬಿದನೂರು ರಸ್ತೆಯ ಬದಿಯಲ್ಲಿ ಉದ್ಯಾನ ಆರಂಭವಾದಾಗ, ನಲವತ್ತನಾಲ್ಕರ ವಯಸ್ಸಿನಲ್ಲಿ, ದೊಡ್ಡ ಚಕ್ರದ ಮುಂದೆ ಜನರನ್ನು ನಿಲ್ಲಿಸುವ ಕೆಲಸಕ್ಕೆ ಸೇರಿದರು.

ಆಗ ನಮ್ಮ ಸೀಮೆಯ ಜನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಚಕ್ರದ ಮುಂದೆ ಚಪ್ಪಲಿ ಬಿಟ್ಟು ಸಾಲು ಹಿಡಿಯುತ್ತಿದ್ದರಂತೆ. ಚಪ್ಪಲಿ ಬಿಸಿಲಲ್ಲಿ, ಯಜಮಾನರು ಹುಣಸೆಮರದ ನೆರಳಲ್ಲಿ, ಚಿತ್ರಾನ್ನದ ಡಬ್ಬಿಯ ಮುಂದೆ. ಆಗಿನ ಮೇಲ್ವಿಚಾರಕರು ಚಪ್ಪಲಿಗಳನ್ನು ಗುಡಿಸಿ ಹಾಕಲು ಹೇಳಿದರೆ, ಮೇಡಂ ಪ್ರತಿ ಜೊತೆಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಸಂಖ್ಯೆ ಬರೆದು, ಅದೇ ಸಂಖ್ಯೆಯ ಚೀಟಿಯನ್ನು ನೆರಳಲ್ಲಿದ್ದವರ ಕೈಗೆ ಕೊಟ್ಟು ಬಂದರು. ನಮ್ಮ ಉದ್ಯಾನದ ಮೊದಲ ಕಾಯ್ದಿರಿಸುವ ವ್ಯವಸ್ಥೆ ಅದೇ. ಮುಂದೆ ೨೦೧೪ರಲ್ಲಿ ಗಂಟೆ ನಮೂದಿಸಿದ ಟೋಕನ್ನು ಬಂತು, ೨೦೧೯ರಲ್ಲಿ ಮಣಿಕಟ್ಟಿನ ಪಟ್ಟಿ ಬಂತು. ಪ್ರತಿಯೊಂದನ್ನೂ ಅವರು ಹೊಸ ಸೊಸೆಯನ್ನು ಬರಮಾಡಿಕೊಂಡಂತೆ ಬರಮಾಡಿಕೊಂಡು, ಒಂದೇ ವಾರದಲ್ಲಿ ಅದರ ಹುಳುಕುಗಳನ್ನೆಲ್ಲ ಪತ್ತೆ ಮಾಡುತ್ತಿದ್ದರು.

೨೦೨೨ರಲ್ಲಿ ಮೊಬೈಲಿನಲ್ಲಿ ಕಾಯ್ದಿರಿಸುವ ವ್ಯವಸ್ಥೆ ಬಂತು. ಅದರೊಂದಿಗೆ ಚಿಂತಾಮಣಿಯ ತರಕಾರಿ ಮಂಡಿಯವರ ಮಗನಾದ, ಎಲ್ಲವನ್ನೂ ಬಲ್ಲೆನೆಂದುಕೊಂಡಿದ್ದ ನಾನೂ ಬಂದೆ. ಇನ್ನು ಸಾಲೇ ಇರುವುದಿಲ್ಲವೆಂದು ಮೊದಲ ಸಭೆಯಲ್ಲಿ ಘೋಷಿಸಿದೆ. ಮರುವರ್ಷದ ಸಂಕ್ರಾಂತಿಯ ದಿನ ಬೆಳಿಗ್ಗೆ ಹತ್ತೂವರೆಗೆ ನನ್ನ ವ್ಯವಸ್ಥೆ ಕೈಕಾಲು ಬಿಟ್ಟಿತು. ಆರು ಸಾವಿರ ಜನ ಒಳಗಿದ್ದರು. ನಾನು ಕಂಪ್ಯೂಟರಿನ ಮುಂದೆ ಬೆವರುತ್ತಿದ್ದಾಗ ಮೇಡಂ ಬೀರು ತೆರೆದು, ಎಸೆಯದೆ ಇಟ್ಟುಕೊಂಡಿದ್ದ ಹಳೆಯ ಟೋಕನ್ನುಗಳನ್ನು ಹೊರತೆಗೆದು, ಸಂಜೆಯವರೆಗೆ ಇಡೀ ಉದ್ಯಾನವನ್ನು ಕೈಯಿಂದಲೇ ನಡೆಸಿದರು. ಕೊನೆಗೆ ನನ್ನ ಕೋಣೆಗೆ ಬಂದು ಅವರು ಕೇಳಿದ್ದು ಒಂದೇ ಮಾತು: “ಊಟ ಮಾಡ್ದ್ಯೇನಪ್ಪ?” ಮಾಡಿರಲಿಲ್ಲ. ಅವರ ಡಬ್ಬಿಯಲ್ಲಿದ್ದ ಎರಡು ಚಪಾತಿ ತಿಂದೆ.

ಇಂಥವರ ವಿರುದ್ಧ ನಾನು ಅದೇ ವರ್ಷ ವರದಿ ಬರೆದೆ.

ನಡೆದದ್ದು ಹೀಗೆ. ಅಕ್ಟೋಬರಿನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಿಂದ ಮಹಿಳಾ ಸಂಘದ ಹತ್ತೊಂಬತ್ತು ಹೆಂಗಸರು ಒಂದೇ ವ್ಯಾನಿನಲ್ಲಿ, ಒಂದೇ ಮೊಬೈಲ್ ಹಿಡಿದು ಬಂದಿದ್ದರು. ಎಲ್ಲರೂ ರೇಷ್ಮೆಹುಳು ಸಾಕುವವರು. ಅವರ ಮುಂದಾಳು ಆದಿಲಕ್ಷ್ಮಮ್ಮನವರು ದೊಡ್ಡ ಚಕ್ರಕ್ಕೆ ಮಧ್ಯಾಹ್ನ ಮೂರು ಗಂಟೆಯ ಸರದಿ ಕಾಯ್ದಿರಿಸಿದ್ದರು. ಎರಡೂ ಮುಕ್ಕಾಲಿಗೆ ಗುಡುಗು ಮಳೆ ಹಿಡಿದು ಚಕ್ರ ನಿಂತಿತು. ನನ್ನ ವ್ಯವಸ್ಥೆ ಕೂಡಲೇ ಅವರ ಮೊಬೈಲಿಗೆ ಉಚಿತ ಮರುಪ್ರವೇಶದ ಪಾಸು ಕಳಿಸಿತು: ಏಳು ದಿನದೊಳಗೆ ಯಾವಾಗ ಬೇಕಾದರೂ ಬನ್ನಿ. ಏಳು ಎಂದು ಗೊತ್ತುಮಾಡಿದವನು ನಾನೇ. ವಾರಕ್ಕೆ ಏಳು ದಿನ ಎಂಬುದಕ್ಕಿಂತ ಹೆಚ್ಚಿನ ಕಾರಣ ನನ್ನ ಬಳಿ ಇರಲಿಲ್ಲ.

“ಏಳು ದಿನದಾಗೆ ಎಲ್ಲಿ ಬರಣಮ್ಮ? ನಾಲ್ಕು ದಿನಕ್ಕೆ ಮರಿಹುಳ ಮನೆಗೆ ಬರ್ತಾವೆ. ಅವು ಗೂಡು ಕಟ್ಟಾಗಂಟ ಸೊಪ್ಪು ಯಾರು ಹಾಕ್ತಾರೆ?” ಎಂದರಂತೆ ಆದಿಲಕ್ಷ್ಮಮ್ಮನವರು. ಮೇಡಂ ಆ ಪಾಸನ್ನು ಅಚ್ಚು ಹಾಕಿಸಿ, ಹಿಂಬದಿಯಲ್ಲಿ ತಮ್ಮ ದುಂಡಗಿನ ಅಕ್ಷರಗಳಲ್ಲಿ ‘ಮುಂದಿನ ಬೆಳೆವರೆಗೆ’ ಎಂದು ಬರೆದು, ಸಹಿ ಹಾಕಿ ಕೊಟ್ಟರು. ಮೂವತ್ತೆರಡನೆಯ ದಿನ, ಆ ಬೆಳೆಯ ಗೂಡು ಮಾರಿ, ಹತ್ತೊಂಬತ್ತು ಮಂದಿಯೂ ಮರಳಿ ಬಂದರು. ಮೇಡಂ ಪಾಸನ್ನು ನಮೂದಿಸಿಕೊಂಡು, ದಾರಿಗೆ ಅಡ್ಡವಿದ್ದ ಸರಪಳಿಯನ್ನು ತಾವೇ ತೆಗೆದು ಅವರನ್ನು ಚಕ್ರಕ್ಕೆ ಹತ್ತಿಸಿದರು.

ನನ್ನ ಪರದೆಯ ಮೇಲೆ ಹತ್ತೊಂಬತ್ತು ಕೆಂಪು ಚುಕ್ಕೆ ಮೂಡಿದವು. ‘ಅವಧಿ ಮೀರಿದ ಅನಧಿಕೃತ ಪ್ರವೇಶ’ ಎಂದು ಎರಡು ಪುಟದ ವರದಿ ಬರೆದು ವ್ಯವಸ್ಥಾಪಕರಾದ ಮೋಹನ್‌ಬಾಬು ಅವರಿಗೆ ಒಪ್ಪಿಸಿ, ಅಚ್ಚುಕಟ್ಟಾಗಿ ಕೆಲಸ ಮಾಡಿದೆನೆಂದು ಬೀಗಿದೆ. ವಾರ ಕಳೆಯುವುದರೊಳಗೆ ಮೇಡಂ ಕೈಗೆ ನೋಟೀಸು ಬಂತು: ಮೂರು ದಿನದಲ್ಲಿ ಸಮಜಾಯಿಷಿ ಕೊಡಬೇಕು, ತೃಪ್ತಿಕರವಲ್ಲದಿದ್ದರೆ ದಾಸ್ತಾನು ಕೋಣೆಗೆ ವರ್ಗ. ನಿವೃತ್ತಿಗೆ ಎರಡು ವರ್ಷವಿತ್ತು. ಹದಿನಾಲ್ಕು ವರ್ಷ ಜನರ ಮುಖ ನೋಡುತ್ತ ನಿಂತವರನ್ನು ಫಿನಾಯಿಲ್ ಡಬ್ಬಗಳ ನಡುವೆ ಕೂರಿಸುವ ಏರ್ಪಾಡು ಅದು. ನನ್ನ ವರದಿ ಅಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ. ಸಂಕ್ರಾಂತಿಯ ಚಪಾತಿ ನೆನಪಾಗಿ ನಾಚಿಕೆಯಾಯಿತು.

ಮೇಡಂ ಸೀದಾ ನನ್ನ ಕೋಣೆಗೆ ಬಂದರು. ಬೈಯುತ್ತಾರೆಂದು ಎದ್ದು ನಿಂತೆ.

“ನೀನು ಬರ್ದಿದ್ದು ಸುಳ್ಳಲ್ಲಪ್ಪ. ಆ ಹೆಂಗಸ್ರು ಯಾಕೆ ಲೇಟಾಗಿ ಬಂದ್ರು ಅನ್ನೋದು ನಿನ್ ಮಿಶಿನ್ನಿಗೆ ಗೊತ್ತಿಲ್ಲ, ಅಷ್ಟೇ. ನಾಳೆ ರಜಾ ಹಾಕು, ಹೋಗ್ಬರಣ” ಎಂದರು.

ಮರುದಿನ ಆದಿಲಕ್ಷ್ಮಮ್ಮನವರ ಹುಳುಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಔಷಧಿ ನೀರಿನಲ್ಲಿ ಕಾಲದ್ದಿ ಒಳಗೆ ಹೋದೆವು. ತಟ್ಟೆ ತಟ್ಟೆಯಲ್ಲೂ ಮುಂದಿನ ಬೆಳೆಯ ಹುಳು. ಸೊಪ್ಪು ತಿನ್ನುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು. ಆ ತಾಯಿ ನಮ್ಮ ಕಡೆ ತಿರುಗಿದರೇ ಹೊರತು ಕೈ ನಿಲ್ಲಿಸಲಿಲ್ಲ.

“ಕೂತ್ಕಳ್ರಪ್ಪ ಅನ್ನಕ್ಕೂ ಪುರುಸೊತ್ತಿಲ್ಲ. ಒಂದ್ ಹೊತ್ತು ಸೊಪ್ಪು ತಪ್ಪಿದ್ರೆ ಬೆಳೆ ಹೋಯ್ತು. ನೀನೇನಾ ಏಳು ದಿನ ಕೊಟ್ಟೋನು?”

ಹೌದೆಂದು ಒಪ್ಪಿಕೊಂಡೆ.

“ಆಯಮ್ಮ ಬರ್ಕೊಡದೆ ಇದ್ದಿದ್ರೆ ನಾವ್ ಚಕ್ರ ಹತ್ತೋದು ಆಯ್ತಿತ್ತಾ? ಮ್ಯಾಲಿಂದ ಎಷ್ಟ್ ದೂರ ಕಾಣ್ತು ಗೊತ್ತಾ! ನಮ್ ಸಂಘದ ಮಂಗಮ್ಮ ಕಣ್ಣೇ ಬಿಡ್ಲಿಲ್ಲ. ಇಳಿದ್ಮೇಲೆ ಇನ್ನೊಂದು ಸುತ್ತು ಹೋಗಣ ಅಂತಾಳೆ!” ಎಂದು ಸೊಪ್ಪು ಹರಡುತ್ತಲೇ ಅವರು ನಕ್ಕ ನಗುವಿಗೆ ಮೇಡಂ ಕೂಡ ನಕ್ಕರು. ನಾನು ಸೊಪ್ಪಿನ ಬುಟ್ಟಿಯನ್ನು ಎತ್ತಿ ಅವರ ಕೈಗೆ ಸಿಗುವಂತೆ ಹಿಡಿದೆ.

ಮರಳಿ ಬಂದವನು ಅಂದೇ ನನ್ನ ಪಟ್ಟಿಗಳನ್ನು ತೆರೆದೆ. ಆ ವರ್ಷ ಮಳೆಯಿಂದ ಮರುಪ್ರವೇಶದ ಪಾಸು ಪಡೆದು ಮತ್ತೆ ಬಾರದವರು ಸಾವಿರದ ನಾನ್ನೂರು ಮಂದಿ. ಅವರಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಯವರು. ನನ್ನ ವ್ಯವಸ್ಥೆ ಅವರೆಲ್ಲರ ಹೆಸರಿನ ಮುಂದೆ ‘ಆಸಕ್ತಿ ಇಲ್ಲದವರು’ ಎಂದು ನಮೂದಿಸಿಕೊಂಡಿತ್ತು. ಹುಳುವಿಗೆ ಸೊಪ್ಪು ಹಾಕುತ್ತ ಮನೆಯಲ್ಲಿದ್ದವರನ್ನು ನಾನು ಹಾಗೆ ಕರೆದಿದ್ದೆ.

ಮೂರನೆಯ ದಿನ ಮೋಹನ್‌ಬಾಬು ಅವರ ಮುಂದೆ ಸಮಜಾಯಿಷಿ ಕೊಟ್ಟವನು ನಾನು. ಮೇಡಂ ಪಕ್ಕದ ಕುರ್ಚಿಯಲ್ಲಿ ತಮ್ಮ ಕನ್ನಡಕ ಒರೆಸುತ್ತ ಕೂತಿದ್ದರು. ಮೋಹನ್‌ಬಾಬು ಅವರು ಪಟ್ಟಿಯನ್ನು ಎರಡು ಸಲ ಓದಿದರು. ನೋಟೀಸನ್ನು ಹರಿದು, ಎಷ್ಟು ದಿನ ಕೊಟ್ಟರೆ ಸಾಕೆಂದು ಮೇಡಂ ಅವರನ್ನೇ ಕೇಳಿದರು. “ಅರವತ್ತು ಕೊಡಿ ಸಾರ್. ಹುಳಕ್ಕೆ ಅವಸರ ಮಾಡಕ್ಕಾಗಲ್ಲ” ಎಂದರು ಮೇಡಂ. ಅಂದಿನಿಂದ ಮಳೆಗೆ ನಿಂತ ಪ್ರತಿ ಆಟಕ್ಕೂ ಅರವತ್ತು ದಿನದ ಅವಧಿಯಿದೆ, ಪರದೆಯ ಮೇಲಿನ ಆ ಗುಂಡಿಯ ಹೆಸರು ‘ಮುಂದಿನ ಬೆಳೆವರೆಗೆ’ ಎಂದೇ ಇದೆ. ಬೆಂಗಳೂರಿನಿಂದ ಬಂದವರು ಯಾವ ಬೆಳೆಯೆಂದು ಕೇಳುತ್ತಾರೆ. ಮೇಡಂ ಬೇಸರಿಸದೆ ರೇಷ್ಮೆ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ, ಅಷ್ಟರಲ್ಲಿ ಸಾಲು ಮುಂದೆ ಹೋಗಿರುತ್ತದೆ.

ಆದಿಲಕ್ಷ್ಮಮ್ಮನವರ ತಂಡ ಈಗ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಮೇಡಂ ಪ್ರತಿ ರಂಜಾನ್ ಹಬ್ಬಕ್ಕೆ ಸಾಲು ವಿಭಾಗದವರಿಗೆಲ್ಲ ಶೀರ್ ಖುರ್ಮಾ ತರುತ್ತಾರೆ, ಮೊದಲ ಲೋಟ ನನಗೆ. ಅಷ್ಟು ಮರ್ಯಾದೆಗೆ ನಾನು ತಕ್ಕವನಲ್ಲವೆಂದು ಬಲ್ಲೆ. ಆದರೂ ಒಂದು ಸಲವೂ ಬೇಡವೆಂದಿಲ್ಲ.

ನಿವೃತ್ತಿಯ ನಂತರವೂ ಹಬ್ಬದ ದಿನಗಳಲ್ಲಿ ಬಂದು ಹೊಸಬರಿಗೆ ಸಾಲಿನ ಪಾಠ ಹೇಳಿಕೊಡಲು ಅವರು ಒಪ್ಪಿದ್ದಾರೆ. ಅದಕ್ಕೆಂದು ಅವರ ಹೆಸರಿನಲ್ಲಿ ಒಂದು ಪಾಸು ಸಿದ್ಧಪಡಿಸಲು ಕೂತೆ. ಕೊನೆಯ ದಿನಾಂಕದ ಜಾಗವನ್ನು ಖಾಲಿ ಬಿಟ್ಟರೆ ನಾನೇ ಕಟ್ಟಿದ ವ್ಯವಸ್ಥೆ ಒಪ್ಪಲೊಲ್ಲದು. ದೊಡ್ಡ ದೊಡ್ಡ ದಿನಾಂಕಗಳನ್ನು ಹಾಕುತ್ತ ಹೋದೆ. ಅದು ಒಪ್ಪಿದ ಕಟ್ಟಕಡೆಯ ದಿನ ೨೦೯೯ನೆಯ ಇಸವಿಯ ಡಿಸೆಂಬರ್ ಮೂವತ್ತೊಂದು. ಅಂದು ಮೇಡಂ ಅವರಿಗೆ ನೂರ ಮೂವತ್ತನಾಲ್ಕು ವರ್ಷ. ಅವರು ಅಂದೂ ಹೀಗೆಯೇ ಗಟ್ಟಿಮುಟ್ಟಾಗಿ, ಕನ್ನಡಕ ಒರೆಸುತ್ತ ಬಂದು, ದೊಡ್ಡ ಚಕ್ರದ ಮುಂದೆ ನಿಂತು ನಮ್ಮ ಮರಿಮಕ್ಕಳ ವ್ಯವಸ್ಥೆಯ ಹುಳುಕುಗಳನ್ನು ಎತ್ತಿ ತೋರಿಸಲಿ ಎಂದು ಮನಸಾರೆ ಹಾರೈಸುತ್ತೇನೆ. ಅಂದು ಮಳೆ ಬಂದು ಚಕ್ರ ನಿಂತೀತೇ ಎಂಬ ಚಿಂತೆಯೂ ಬೇಡ. ಈ ಸಂಪುಟದ ಜೊತೆ ಅವರ ಕೈಗೆ ಕೊಡಲಿರುವ ಆ ಪಾಸಿನ ಹಿಂಬದಿಯಲ್ಲಿ, ಸಾಧ್ಯವಾದಷ್ಟು ದುಂಡಗೆ, ನಾನು ಈಗಲೇ ಬರೆದು ಸಹಿ ಹಾಕಿದ್ದೇನೆ: ಮುಂದಿನ ಬೆಳೆವರೆಗೆ.

ಮುನೇಶ್, ಕಾಯ್ದಿರಿಸುವ ವಿಭಾಗ