ನೋಡಿದ್ದು ಹೇಳಿ

ಅಜ್ಜೀಪುರದ ಹತ್ತಿರ ಜೋಳದ ಹೊಲಕ್ಕೆ ಪುಟ್ಟ ವಿಮಾನವೊಂದು ಬಿದ್ದು ಪೈಲಟ್ ಸತ್ತಾಗ, ತನಿಖೆಗೆ ಬಂದ ಅಧಿಕಾರಿಯನ್ನು ಕೊಳ್ಳೇಗಾಲದಿಂದ ದಿನಾ ನನ್ನ ಬಾಡಿಗೆ ಕಾರಿನಲ್ಲೇ ಕರೆದೊಯ್ಯುತ್ತಿದ್ದೆ. ಆತನ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಮುರಿದ ಎಂಜಿನ್‌ಗಿಂತ ಜನರ ಮುಖಗಳನ್ನೇ ಹೆಚ್ಚು ನೋಡುತ್ತಿದ್ದ. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ, ಏನೂ ಬರೆಯದೆ ಮತ್ತೆ ಹಾಕುತ್ತಿದ್ದ. ಯಾರು ಬಾಯಿ ತೆರೆದರೂ ಒಂದೇ ಮಾತು: “ನೋಡಿದ್ದು ಹೇಳಿ, ಅಂದ್ಕೊಂಡಿದ್ದು ಬೇಡ.”

ಹೊಲದ ಅಜ್ಜಿ ಮಾತ್ರ, “ನಾನೇನೂ ಕಾಣೆ ಸಾ” ಅಂದುಬಿಟ್ಟಳು. ಪೈಲಟ್‌ನ ಬ್ಯಾಗಿನಿಂದ ಬಿದ್ದಿದ್ದ ಮಾತ್ರೆಗಳನ್ನು ಅವಳು ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡಿದ್ದನ್ನು ನಾನು ಕಂಡಿದ್ದೆ. “ನನ್ ಮಗಳೂ ಇದ್ನೇ ನುಂಗದು ಕಣ್ಲಾ. ಸತ್ತೋನ್ನ ಹುಚ್ಚ ಅಂದ್ಬುಟ್ಟಾರು, ಸುಮ್ಕಿರು” ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದ್ದಳು.

ಅಧಿಕಾರಿ ಗದರಲಿಲ್ಲ. ಅವಳ ಚೀಲದ ಬಾಯಲ್ಲಿ ಇಣುಕುತ್ತಿದ್ದ ಮಾತ್ರೆ ಪಟ್ಟಿಯತ್ತ ಒಮ್ಮೆ ನೋಡಿದ. ಅಜ್ಜಿಯ ಹತ್ತಿರವೇ ನೀರು ಕೇಳಿ, ಜೇಬಿನಿಂದ ಒಂದು ಮಾತ್ರೆ ತೆಗೆದು ಎಲ್ಲರೆದುರೇ ನುಂಗಿದ.

“ಮನಸ್ಸಿಗೆ ಅಜ್ಜಿ, ಇದು. ನಾನೂ ಪೈಲಟ್ ಆಗಿದ್ದೆ. ಗೊತ್ತಾದ್ರೆ ಲೈಸೆನ್ಸ್ ಹೋಗುತ್ತೆ ಅಂತ ಆಗ ಕದ್ದು ನುಂಗ್ತಿದ್ದೆ.”

ಅಜ್ಜಿ ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಚೀಲದ ದಾರ ಸಡಿಲಿಸಿದಳು.

ವಾಪಸ್ ಬರುವಾಗ ಆತ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದ. ನನಗೆ ತಡೆಯಲಾಗಲಿಲ್ಲ. “ಸಾ, ಅದು ನಿಜವಾಗ್ಲೂ ಮನಸ್ಸಿನ ಮಾತ್ರೇನಾ? ಇಲ್ಲ, ಅಜ್ಜಿ ಬಾಯಿ ಬಿಡಿಸೋಕೆ ನಾಟ್ಕವಾ?”

“ನೀವು ನೋಡಿದ್ದೇನು?”

“ನೀವು ನುಂಗಿದ್ದು.”

“ಅಷ್ಟೇ ಹೇಳಿ” ಅಂದವನು ಪೆನ್ನಿನ ಮುಚ್ಚಳ ಹಾಕಿದ.