ಮೇಲಿನ ಮನೆಯಾಕೆಯ ಹಡಗು

ನನಗಾಗ ಅರವತ್ತೆರಡು ವರ್ಷ. ಹನ್ನೆರಡು ವರ್ಷದ ಹಿಂದಿನ ಮಾತು. ಮೊನ್ನೆ ತಳ್ಳುಗಾಡಿಯವನು ಈ ವರ್ಷದ ಮೊದಲ ಅವರೆಕಾಯಿ ತಂದ. ಒಂದು ಕಾಯಿ ಮುರಿದು ಮೂಗಿಗೆ ಹಿಡಿದೆ. ಸೊಗಡಿಲ್ಲದ ಅವರೆಯನ್ನು ನಾನು ಮನೆಗೆ ಸೇರಿಸುವುದಿಲ್ಲ. ವಾಸನೆ ಒಳಗೆ ಹೋದದ್ದೇ ತಡ, ಸಮುದ್ರ ನೆನಪಾಯಿತು.

ಬಿಳೇಕಹಳ್ಳಿಯಲ್ಲಿ ಹುಟ್ಟಿ ಬಿಳೇಕಹಳ್ಳಿಗೇ ಸೊಸೆಯಾದವಳು ನಾನು. ಅವರೆಕಾಯಿ ಮೂಸಿದರೆ ನನಗೆ ಹೊಲ ನೆನಪಾಗಬೇಕು. ಈಗ ನಮ್ಮ ಮನೆ ನಿಂತಿರುವ ಜಾಗದಲ್ಲೇ ನಮ್ಮ ಮಾವ ರಾಗಿಯ ಮಧ್ಯೆ ಸಾಲಾಗಿ ಅವರೆ ಹಾಕುತ್ತಿದ್ದರು. ಹೊಲ ಹೋಯಿತು, ಮನೆ ಬಂತು, ಮನೆಯ ಮೇಲೊಂದು ಮನೆ ಬಂತು. ಆ ಮೇಲಿನ ಮನೆಗೆ ಬಾಡಿಗೆಗೆ ಬಂದಾಕೆಯಿಂದಲೇ ನನಗೆ ಈ ಸಮುದ್ರದ ಕಾಟ ಅಂಟಿಕೊಂಡದ್ದು.

ಆಕೆ ತ್ಯಾಗರಾಜನಗರದ ಕಡೆಯವಳು. ಯಾವುದೋ ಆಫೀಸಿನಲ್ಲಿದ್ದು, ಅವಧಿಗೆ ಮುಂಚೆಯೇ ಕೆಲಸ ಬಿಟ್ಟು, ಒಬ್ಬಳೇ ಬಂದಿದ್ದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಮದುವೆ ಯಾಕೆ ಆಗಲಿಲ್ಲ ಎಂದು ಮೊದಲ ದಿನವೇ ಕೇಳಿದೆ. "ಆಗ್ಲಿಲ್ಲ ಅಕ್ಕ" ಎಂದಳು. ಅಲ್ಲಿಗೆ ಮುಗಿಯಿತು.

ಮಾತು ಅಂದರೆ ಆಕೆಗೆ ಆಗದು. ಯಾರಾದರೂ ಮುಖ ನೋಡಿದರೆ ಸಾಕು, ಗಂಟಲು ಕಟ್ಟುತ್ತಿತ್ತು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎನ್ನುವುದನ್ನೂ ಚೀಟಿ ಬರೆದು ನಮ್ಮ ಬಾಗಿಲ ಸಂದಿಗೆ ತೂರಿಸಿ ಹೋಗುತ್ತಿದ್ದಳು. ನನ್ನ ಓದೋ ಮೂರನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಚೀಟಿ ಓದಿ ಮುಗಿಸುವಷ್ಟರಲ್ಲಿ ನೀರೇ ಬಂದಿರುತ್ತಿತ್ತು.

ಅವರೆಯ ಕಾಲದಲ್ಲಿ ನಮ್ಮದು ಒಂದು ಪದ್ಧತಿ. ಮಧ್ಯಾಹ್ನದ ಊಟ ಆದ ಮೇಲೆ ನಾನು, ನಮ್ಮ ನಾದಿನಿ, ಮೂಲೆಯಲ್ಲಿ ಹೂವು ಮಾರುವಾಕೆ ಮೂವರೂ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಕಾಳು ಹಿದುಕುತ್ತಿದ್ದೆವು. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳಬೇಕು. ಕಣ್ಣು ಕಾಳಿನ ಮೇಲೇ ಇರಬೇಕು. ಆಚೆ ಈಚೆ ನೋಡಿದರೆ ಬೇಳೆ ರಸ್ತೆಗೆ ಚಿಮ್ಮುತ್ತದೆ. ಮೇಲಿನ ಮನೆಯಾಕೆ ಹೋಗಿಬರುವುದಕ್ಕೂ ಅದೇ ಮೆಟ್ಟಿಲು. ಒಂದು ದಿನ ಕೈಯಲ್ಲಿ ಕಾಗದದ ಕಂತೆ ಹಿಡಿದು ಜೆರಾಕ್ಸ್ ಅಂಗಡಿಗೆ ಹೊರಟಿದ್ದವಳನ್ನು ನಾನು ತಲೆ ಎತ್ತದೆಯೇ ಕೇಳಿದೆ.

"ಏನಮ್ಮ ಅದು ಅಷ್ಟೊಂದು?"

"ಕಾದಂಬರಿ ಅಕ್ಕ. ನಾನೇ ಬರ್ದಿದ್ದು."

"ಯಾರ ಮೇಲೆ?"

"ಹಡಗಿನ ಮೇಲೆ. ಹಳೇ ಕಾಲದಲ್ಲಿ ನಮ್ ಕರಾವಳಿಯಿಂದ ಮೆಣಸು ತುಂಬ್ಕೊಂಡು ಹೋಗಿ ಅರಬ್ ದೇಶದಿಂದ ಕುದುರೆ ತರ್ತಿದ್ರಲ್ಲ, ಆಗಿಂದು. ಹಡಗು ನಡ್ಸೋನಿಗೂ ಮೆಣಸಿನ ವ್ಯಾಪಾರಿ ಮಗಳಿಗೂ ಪ್ರೀತಿ."

"ಈ ವಯಸ್ಸಲ್ಲಾ?" ಎಂದಳು ನಾದಿನಿ.

"ನಂಗಲ್ಲ. ಅದ್ರಲ್ಲಿರೋರಿಗೆ."

ಹೂವಿನಾಕೆ ನಕ್ಕ ರಭಸಕ್ಕೆ ಆಕೆಯ ಬೇಳೆ ಎದುರು ಮನೆಯ ಸ್ಕೂಟರ್‌ಗೆ ಬಡಿಯಿತು. ನಾನು ಮೇಲಿನ ಮನೆಯಾಕೆಗೆ, "ಕೂತ್ಕೊಂಡು ಓದಮ್ಮ, ಕೇಳ್ತೀವಿ" ಎಂದೆ. ಹೆದರಿದಳು. "ನಿನ್ನ ಮುಖ ನೋಡೋಕೆ ನಮಗೆ ಪುರುಸೊತ್ತಿಲ್ಲ. ನಿನ್ನ ಪಾಡಿಗೆ ನೀನು ಓದು, ನಮ್ಮ ಪಾಡಿಗೆ ನಾವು ಇದುಕ್ತೀವಿ" ಎಂದೆ. ಮೇಲಿನ ಮೆಟ್ಟಿಲಲ್ಲಿ ಕೂತು ಶುರುಮಾಡಿದಳು.

ಆಶ್ಚರ್ಯವೆಂದರೆ ಗಂಟಲು ಕಟ್ಟಲಿಲ್ಲ. ಒಳ್ಳೆಯ ದನಿ. ನಾವು ತಲೆ ಬಗ್ಗಿಸಿರುವ ತನಕ ನೀರು ಹರಿದ ಹಾಗೆ ಓದುತ್ತಿದ್ದಳು. ಯಾರಾದರೂ ತಲೆ ಎತ್ತಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. "ಯಾರೇ ಅದು ನೋಡಿದ್ದು? ಬಗ್ಗೇ" ಎಂದು ನಾನು ಗದರುತ್ತಿದ್ದೆ. ಆ ಚಳಿಗಾಲ ಪೂರ್ತಿ ಹಾಗೆಯೇ ಕಳೆಯಿತು... ಬನ್ನೇರುಘಟ್ಟ ರಸ್ತೆಯ ಹಾರ್ನ್ ಒಂದು ಕಡೆ, ಅರಬ್ಬಿ ಸಮುದ್ರ ಒಂದು ಕಡೆ.

ನನ್ನ ತಕರಾರು ಒಂದೇ ಇತ್ತು. ಹಡಗು ಹೊರಟ ಮೇಲೆ ಆ ಮೆಣಸಿನ ವ್ಯಾಪಾರಿಯ ಮಗಳು ದೀಪ ಹಿಡಿದು ದಡದಲ್ಲಿ ನಿಲ್ಲುತ್ತಾಳೆ. ಮರುದಿನ ಓದಿದರೂ ನಿಂತಿದ್ದಾಳೆ. ಅದರ ಮರುದಿನವೂ ನಿಂತಿದ್ದಾಳೆ.

"ಎಷ್ಟು ದಿನ ನಿಲ್ಸ್ತೀಯಮ್ಮ ಆ ಹುಡುಗೀನ? ಕಾಲು ನೋಯಲ್ವಾ?"

"ಅದು ವಿರಹ ಅಕ್ಕ."

"ವಿರಹ ಇದ್ರೆ ಇರ್ಲಿ. ಅವಳೂ ಹತ್ಲಿ ಹಡಗು. ದಡದಲ್ಲಿ ಏನಿದೆ?"

ಆಕೆಗೆ ಕೋಪ ಬಂತು. ಕಾಗದ ಮಡಚಿಕೊಂಡು ಮೇಲೆ ಹೋದವಳು ಒಂದು ವಾರ ಕೆಳಗಿಳಿಯಲಿಲ್ಲ. ನಾದಿನಿ ನನ್ನನ್ನೇ ಬೈದಳು, "ನಿನ್ ಬಾಯಿ ಸುಡ, ಕಥೆ ನಿಲ್ಲಿಸ್ಬಿಟ್ಟೆ." ವಾರವಾದ ಮೇಲೆ ಬಂದಳು, ಏನೂ ಆಗಿಲ್ಲವೆಂಬಂತೆ ಕೂತಳು, ಓದಿದಳು. ಆ ಹುಡುಗಿ ಮೆಣಸಿನ ಮೂಟೆಗಳ ನಡುವೆ ಬಚ್ಚಿಟ್ಟುಕೊಂಡು ಹಡಗು ಹತ್ತಿದ್ದಳು. ಅಲ್ಲಿಂದ ಮುಂದೆ ಕಥೆ ಸಖತ್ತಾಗಿ ಓಡಿತು. ಬಿರುಗಾಳಿ ಬಂದ ದಿನ ನಮ್ಮ ಸಾರು ತಳ ಹತ್ತಿತು.

ಮುಂದಿನ ಅವರೆಯ ಹೊತ್ತಿಗೆ ಅದು ಪುಸ್ತಕವಾಯಿತು. ಛಾಪಿಸಿದವರು ಜಯನಗರದ ಒಂದು ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟರು. ಲೇಖಕಿಯೇ ನಿಂತು ಪುಸ್ತಕದ ಬಗ್ಗೆ ಮಾತಾಡಬೇಕು, ಆಮೇಲೆ ಜನ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಈ ಸುದ್ದಿ ಬಂದ ದಿನ ಆಕೆ ಅನ್ನ ಮುಟ್ಟಲಿಲ್ಲ. ಆಕೆಗೊಬ್ಬ ಅಣ್ಣ, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಿಯಾದವರು. ಕೆಟ್ಟವರಲ್ಲ. ಆದರೆ ಚಿಕ್ಕಂದಿನಿಂದ ತಂಗಿಯ ಮಾತನ್ನೆಲ್ಲ ತಾವೇ ಆಡಿ ಅಭ್ಯಾಸ. ಅವರು ಬಂದು ನಮ್ಮ ಮೆಟ್ಟಿಲಲ್ಲೇ ನಿಂತು ಹೇಳಿದರು, "ನೀನು ಸುಮ್ನೆ ಸ್ಟೇಜ್ ಮೇಲೆ ಕೂತಿರು. ನಾನು ನಾಲ್ಕು ಮಾತು ಹೇಳ್ತೀನಿ. ಮನೆಯಲ್ಲಿ ಕೂತು ಟೈಂಪಾಸ್‌ಗೆ ಬರೆದಿದ್ದಾಳೆ, ಹಗುರವಾಗಿ ಓದ್ಕೊಂಡು ಹೋಗ್ಬಹುದು ಅಂತ."

ಅವರು ಹೋದ ಮೇಲೆ ಆಕೆ ನನ್ನ ಹತ್ತಿರ ಬಂದಳು. ಕಣ್ಣಲ್ಲಿ ನೀರಿರಲಿಲ್ಲ, ಅದು ನನಗೆ ಹಿಡಿಸಿತು.

"ಅಕ್ಕ, ಇದೊಂದರ ಮಾತು ನಾನೇ ಆಡ್ಬೇಕು. ಅಣ್ಣ ಆಡಿದ್ರೆ ಇದೂ ಅವನ ಮಾತಾಗ್ಬಿಡುತ್ತೆ."

"ಹಂಗಾದ್ರೆ ಆಡು."

"ಮಾತೇ ಹೊರಡ್ದೆ ಹೋದ್ರೆ?"

"ಹೊರಡ್ದೆ ಹೋದ್ರೆ ನಿಮ್ಮಣ್ಣ ಆಡ್ತಾರೆ" ಎಂದೆ. ಸುಳ್ಳು ಧೈರ್ಯ ಹೇಳಿ ನನಗೆ ಅಭ್ಯಾಸವಿಲ್ಲ.

ಕಾರ್ಯಕ್ರಮದ ರಾತ್ರಿಯೇ ನಮ್ಮ ಮನೆಗೆ ಬೀಗರು ಊಟಕ್ಕೆ ಬರುವವರಿದ್ದರು. ಹಿದುಕಿದ ಬೇಳೆ ಸಾರು ಮಾಡುತ್ತೇನೆಂದು ಹೇಳಿಯಾಗಿತ್ತು. ಕಾಳು ನೆನೆದು ಕೂತಿದೆ, ಬಿಟ್ಟು ಹೋದರೆ ಯಾರು ಹಿದುಕುತ್ತಾರೆ? ದೊಡ್ಡ ಡಬ್ಬಿಗೆ ಸುರಿದು ಚೀಲಕ್ಕೆ ಹಾಕಿಕೊಂಡೆ. ಆಟೋದಲ್ಲಿ ಒಂದಿಷ್ಟು ಮುಗಿಸೋಣವೆಂದು. ನಾವು ಮೂವರೂ ಆಕೆಯ ಜೊತೆಯೇ ಹೋದೆವು. ಮುಂದಿನ ಸಾಲಿನಲ್ಲಿ ಕೂರಿಸಿದರು. ತಣ್ಣಗೆ ಎಸಿ ಹಾಕಿದ್ದರು.

ಸ್ವಾಗತ, ದೀಪ, ಶಾಲು, ಹಾರ ಎಲ್ಲ ಆಗಿ ಆಕೆಯನ್ನು ಮೈಕಿನ ಮುಂದೆ ಕರೆದರು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ನಿಂತಳು. ಹಾಲ್ ತುಂಬ ಜನ, ಎಲ್ಲರ ಕಣ್ಣೂ ಆಕೆಯ ಮುಖದ ಮೇಲೆ. ಬಾಯಿ ತೆರೆದಳು. ಏನೂ ಬರಲಿಲ್ಲ. ನೀರು ಕುಡಿದಳು. ಮತ್ತೆ ತೆರೆದಳು. ಗಾಳಿ ಅಷ್ಟೇ ಬಂತು. ಹಿಂದೆ ಯಾರೋ ಕೆಮ್ಮಿದರು. ಸ್ಟೇಜ್ ಮೇಲಿದ್ದ ಅಣ್ಣ ಶಾಲು ಸರಿಮಾಡಿಕೊಂಡು ಕುರ್ಚಿಯಿಂದ ಅರ್ಧ ಎದ್ದರು.

ನನಗೆ ನೋಡುವುದಕ್ಕೆ ಆಗಲಿಲ್ಲ. ನೋಡದೆ ಇರಬೇಕಾದರೆ ಕೈಗೆ ಕೆಲಸ ಬೇಕು. ಚೀಲದಿಂದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ಬಿಚ್ಚಿದೆ. ಸೊಗಡು ಎಸಿಗೆ ಸೇರಿ ಹಾಲ್ ಪೂರ್ತಿ ಓಡಾಡಿತು.

"ಇಲ್ಲಾ?" ಎಂದಳು ನಾದಿನಿ.

"ಸುಮ್ನೆ ಕೂತು ಏನ್ ಮಾಡ್ತೀಯ, ಇದುಕು" ಎಂದೆ.

ಮೂರು ತಲೆಯೂ ಡಬ್ಬಿಯ ಮೇಲೆ ಬಗ್ಗಿದವು. ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದು, "ಏನ್ ಆಂಟಿ ಇದು, ಫಂಕ್ಷನ್‌ನಲ್ಲಿ" ಎಂದಳು. "ನಿಮಗೂ ಒಂದ್ ಹಿಡಿ ಕೊಡ್ಲಾ?" ಎಂದಳು ಹೂವಿನಾಕೆ. ಆಗ ಮೈಕಿನಲ್ಲಿ ದನಿ ಕೇಳಿಸಿತು.

"ನನ್ನ ಕಥೆ ಹುಡುಗಿ ಮೊದಲು ದಡದಲ್ಲೇ ನಿಂತಿದ್ದಳು..."

ನಾನು ತಲೆ ಎತ್ತಲಿಲ್ಲ. ನಾದಿನಿ ಎತ್ತಲು ಹೋದಳು, ಮೊಣಕೈಯಲ್ಲಿ ತಿವಿದೆ. ಆಕೆ ನಮ್ಮ ಮೂರು ನೆತ್ತಿಗಳಿಗೆ ಮಾತಾಡುತ್ತಿದ್ದಳು. ಮೆಣಸು, ಕುದುರೆ, ಗಾಳಿ ನೋಡಿ ಹಡಗು ಬಿಡುವ ತಿಂಗಳು ಎಲ್ಲ ಬಂತು. ಹುಡುಗಿಯ ಕಾಲು ನೋವಿನ ವಿಷಯವೂ ಬಂತು. ಜನ ನಕ್ಕರು. ಅಣ್ಣ ಯಾವಾಗ ಕೂತರೋ ನನಗೆ ಗೊತ್ತಾಗಲಿಲ್ಲ.

ಆಮೇಲೆ ಒಬ್ಬರು ಎದ್ದು, "ಮೇಡಂ, ನೀವು ಯಾವತ್ತಾದ್ರೂ ಹಡಗು ಹತ್ತಿದ್ದೀರಾ?" ಎಂದು ಕೇಳಿದರು. ದನಿಯಲ್ಲಿ ಕೊಂಕಿತ್ತು.

"ಇಲ್ಲ ಸಾರ್. ಬನ್ನೇರುಘಟ್ಟ ರೋಡ್ ಬಸ್ಸಲ್ಲಿ ಇಪ್ಪತ್ತು ವರ್ಷ ನಿಂತ್ಕೊಂಡು ಆಫೀಸಿಗೆ ಹೋಗಿದ್ದೀನಿ. ತೂಗಾಟ ಎಲ್ಲ ಅಲ್ಲಿಂದ ತಗೊಂಡೆ. ವಾಂತಿನೂ."

ಹಾಲ್ ಬಿದ್ದು ಬಿದ್ದು ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ, ಕೈ ಜಾರಿತು, ಒಂದು ಬೇಳೆ ಚಿಮ್ಮಿ ಸ್ಟೇಜ್‌ಗೇ ಹೋಯಿತು. ಎಲ್ಲ ಮುಗಿದು ಕಾಫಿ ಕೊಡುವಾಗ ಅಣ್ಣ ನನ್ನ ಹತ್ತಿರ ಬಂದು, ಶಾಲಿನ ಮಡಿಕೆಯಿಂದ ಅದನ್ನು ತೆಗೆದು, "ಇದು ನಿಮ್ಮದು ಅನ್ಸುತ್ತೆ" ಎಂದು ಅಂಗೈ ಮೇಲಿಟ್ಟರು.

"ಊಟಕ್ಕೆ ಬನ್ನಿ ಸಾರ್, ಮಿಕ್ಕಿದ್ದೂ ಇದೆ" ಎಂದೆ.

ಅವರು ತಂಗಿಯ ಕಡೆ ನೋಡಿದರು. ಆಕೆ ಯಾರಿಗೋ ಪುಸ್ತಕದ ಮೇಲೆ ಸಹಿ ಹಾಕುತ್ತಾ, ತಲೆ ಎತ್ತಿ ಮಾತಾಡುತ್ತಿದ್ದಳು. "ಇಷ್ಟೆಲ್ಲ ಮಾತು ಎಲ್ಲಿ ಇಟ್ಕೊಂಡಿದ್ಲು ಇವ್ಳು" ಎಂದರು. ನನಗೆ ಸಾರು ಇಡುವುದಕ್ಕೆ ಹೊತ್ತಾಗುತ್ತಿತ್ತು. ಅಣ್ಣ, ತಂಗಿ ಇಬ್ಬರೂ ಬಂದು ಬೀಗರ ಜೊತೆ ಕೂತು ಉಂಡರು. ಉಪ್ಪು ಒಂಚೂರು ಕಮ್ಮಿಯಾಗಿತ್ತು.

ಆಮೇಲೆ ಆಕೆ ನಾಲ್ಕೈದು ವರ್ಷ ನಮ್ಮ ಮೇಲಿನ ಮನೆಯಲ್ಲೇ ಇದ್ದಳು. ನೀರು ಬರದಿದ್ದರೆ ಚೀಟಿ ಬರುವುದು ನಿಂತಿತು, ಮೆಟ್ಟಿಲಿಂದಲೇ ಕೂಗುತ್ತಿದ್ದಳು. ಮೊಣಕಾಲು ಹೋದ ಮೇಲೆ ಅಣ್ಣನ ಮನೆಗೆ ಹೋದಳು. ಪ್ರತಿ ಅವರೆಕಾಲಕ್ಕೂ ಆಟೋ ಮಾಡಿಕೊಂಡು ಬಂದು ಮಧ್ಯಾಹ್ನ ಕೂತು ಹೋಗುತ್ತಿದ್ದಳು. ಹೋದ ವರ್ಷ ಬರಲಿಲ್ಲ. ಹೂವಿನಾಕೆಯೂ ಈಗ ಊರಲ್ಲಿಲ್ಲ, ಮಗಳ ಮನೆ ಸೇರಿದ್ದಾಳೆ... ಮೆಟ್ಟಿಲಿಗೆ ನಾನು, ನಾದಿನಿ ಇಬ್ಬರೇ.

ಮೊನ್ನೆ ಗಾಡಿಯವನ ಹತ್ತಿರ ಕಾಯಿ ತೆಗೆದುಕೊಂಡು ಸುಲಿಯುತ್ತಿದ್ದಾಗ ಆಕೆಯ ಅಣ್ಣ ಫೋನ್ ಮಾಡಿದರು. "ಹೋಗ್ಬಿಟ್ಲಮ್ಮ. ಎಂಟು ದಿನ ಆಯ್ತು. ನಿಮಗೆ ಮೊದಲೇ ಹೇಳ್ಬೇಕಿತ್ತು, ನನಗೇ ಮಾತು ಹೊರಡ್ಲಿಲ್ಲ" ಎಂದರು. ಆ ಮನುಷ್ಯನಿಗೆ ಮಾತು ಹೊರಡದೆ ಹೋದದ್ದು ಅದೇ ಮೊದಲಿರಬೇಕು. ನಾನು ಅಳಲಿಲ್ಲ. ಸುಲಿಯುವುದು ಅರ್ಧ ಆಗಿತ್ತು, ಮುಗಿಸಿದೆ, ಕಾಳು ನೆನೆಹಾಕಿದೆ. ಆಕೆ ಇಲ್ಲ ಎನ್ನುವುದು ನೆನೆಹಾಕುವಾಗ ಗೊತ್ತಾಯಿತು. ಕೈ ಅಭ್ಯಾಸಬಲದಿಂದ ಆಕೆಯ ಪಾಲನ್ನೂ ಸೇರಿಸಿಬಿಟ್ಟಿತ್ತು.

ಆಕೆ ಸಹಿ ಹಾಕಿ ಕೊಟ್ಟ ಪುಸ್ತಕ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಕಥೆ ಕಿವಿಯಲ್ಲೇ ಇತ್ತಲ್ಲ, ಒಂದು ದಿನವೂ ಬಿಚ್ಚಿರಲಿಲ್ಲ. ಮಾರನೇ ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂತೆ. ಕಾಳಿನ ಪಾತ್ರೆಯನ್ನು ನಾದಿನಿಯ ಮುಂದಿಟ್ಟೆ. ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು.

"ನನ್ ಮುಖ ಏನ್ ನೋಡ್ತೀಯ, ಬಗ್ಗೇ" ಎಂದೆ. ಅವಳು ಬಗ್ಗಿದ ಮೇಲೆ ಮೊದಲನೇ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತಾ, ಗಟ್ಟಿಯಾಗಿ ಓದಲು ಶುರುಮಾಡಿದೆ.