ಸವೆದದ್ದು ಯಾರ ಹಲ್ಲು

ಸೈಕಲ್ ಇನ್ನೊಮ್ಮೆ ಕೈಕೊಟ್ಟರೆ ಗುಜರಿಗೆ, ನಿನಗೆ ಸ್ಕೂಟರ್ ಎಂದು ಅಮ್ಮ ಹೇಳಿಯಾಗಿತ್ತು. ಹಾಗಾಗಿ ಬಂದರಿನ ಆಫೀಸಿನಿಂದ ಶಕ್ತಿನಗರದ ಮನೆಗೆ ಬರುವಾಗ ಏರು ಸಿಕ್ಕಲ್ಲೆಲ್ಲ ಚೈನ್ ಜಾರಿ ‘ಕಟಕ್’ ಎನ್ನತೊಡಗಿದರೂ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಸ್ಕೂಟರ್ ಬಂದರೆ ಹಿಂದೆ ಅಮ್ಮ, ಇಲ್ಲವೇ ನಮ್ಮೊಟ್ಟಿಗೇ ಇರುವ ದೊಡ್ಡಮ್ಮ ಕೂರುವುದು ಖಚಿತ. ನನ್ನ ಸೈಕಲ್ಲಿಗೆ ಹಿಂದೆ ಕೂರಲು ಜಾಗವಿಲ್ಲ. ದಿನದಲ್ಲಿ ನಾನು ಒಬ್ಬಳೇ ಇರುವುದು ಅದರ ಮೇಲೆ ಮಾತ್ರ.

ಕೋಣೆಯ ಬಾಗಿಲು ಹಾಕಿಕೊಂಡು ಸೈಕಲ್ ಅಂಗಡಿಗೆ ಫೋನ್ ಮಾಡಿದೆ. ಸಣ್ಣ ಸ್ವರದಲ್ಲಿ ಮಾತಾಡಿದ್ದೇ ತಪ್ಪಾಯಿತು. ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

“ಹಲ್ಲು ಸವೆದಿದೆ. ಕೆಲವು ಮೊನಚಾಗಿವೆ,” ಎಂದೆ.

“ಹಾಗಾದ್ರೆ ಚೈನ್ ಮಾತ್ರ ಬದಲಿಸಿದ್ರೆ ಆಗುದಿಲ್ಲ. ಸವೆದ ಹಲ್ಲಿನಲ್ಲಿ ಹೊಸ ಚೈನ್ ಕೂರುದಿಲ್ಲ, ಇನ್ನೂ ಜಾರ್ತದೆ. ಹಿಂದಿನ ಹಲ್ಲುಚಕ್ರ, ಫ್ರೀವೀಲ್ ಕೂಡ ಬದಲಿಸ್ಬೇಕು.”

“ಹಲ್ಲೆಲ್ಲ ಒಟ್ಟಿಗೆ ತೆಗೆದು ಹೊಸತು ಹಾಕುವುದಾ? ಆಗಲಿ. ಮನೆಗೆ ಫೋನ್ ಮಾಡಬೇಡಿ.”

ಊಟಕ್ಕೆ ಕೂತಾಗ ಎಲ್ಲರ ಬಟ್ಟಲಿಗೂ ಹುರಿದ ಬಂಗುಡೆ ಮೀನು ಬಿತ್ತು. ನನ್ನ ಮುಂದೆ ಬಂದದ್ದು ಗಂಜಿ, ಅದೂ ಚೆನ್ನಾಗಿ ಕಿವುಚಿದ್ದು.

“ನೀನು ಜಗಿಯುದು ಬೇಡ,” ಎಂದರು ದೊಡ್ಡಮ್ಮ.

“ಎಂತಕ್ಕೆ?”

“ನನಗೆ ಎಲ್ಲ ಕೇಳಿದೆ. ಈ ಪ್ರಾಯದಲ್ಲಿ ಹಲ್ಲು ಒಂದೂ ಬಿಡದೆ ತೆಗೆಸುದಂತೆ. ಮೀನಿಗೆ ರೇಟ್ ಹೇಳಿದ ಹಾಗೆ ಹೇಳ್ತಾಳೆ ಮಾರಾಯ್ತಿ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಐಸ್‌ಕ್ರೀಮ್ ಬೇಡ ಅಂತ ಎಷ್ಟು ಸಲ ಹೇಳಿದ್ದೇನೆ.”

ನಿಜ ಹೇಳಿದರೆ ಬಂಗುಡೆ ಸಿಗುತ್ತದೆ, ಸೈಕಲ್ ಹೋಗುತ್ತದೆ. ನಾನು ಗಂಜಿ ಕುಡಿದೆ.

ಮರುದಿನ ಅಮ್ಮ ನನ್ನನ್ನು ರಿಕ್ಷಾದಲ್ಲಿ ಹಲ್ಲಿನ ಡಾಕ್ಟರಲ್ಲಿಗೆ ಕರೆದೊಯ್ದಳು. ಅವರು ಸಣ್ಣ ಕನ್ನಡಿ ಹಿಡಿದು ನನ್ನ ಬಾಯಿಯೊಳಗೆಲ್ಲ ನೋಡಿ, “ಒಂದೂ ಸವೆದಿಲ್ಲ. ಒಳ್ಳೆಯ ಹಲ್ಲುಗಳು,” ಎಂದರು.

ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. “ಇನ್ನೊಮ್ಮೆ ಸರಿ ನೋಡಿ ಡಾಕ್ಟ್ರೇ. ಕೆಲವು ಮೊನಚಾಗಿದೆ ಅಂತ ಇವಳೇ ಹೇಳಿದ್ದು.”

ಕನ್ನಡಿ ಮತ್ತೆ ಹತ್ತಿರ ಬಂತು. ನಾನು ಬಾಯಿ ಬಿಟ್ಟೆ, ಈ ಸಲ ಮಾತಾಡಲು.

“ಸೈಕಲ್ಲಿಂದು.”

“ಎಂತ ಸೈಕಲ್ಲಿಂದು?”

“ಹಲ್ಲು.”

ಡಾಕ್ಟರು ಕೈಗವಸು ತೆಗೆದು, “ಅದು ನಮ್ಮಲ್ಲಿ ಮಾಡುದಿಲ್ಲ,” ಎಂದರು.

ರಿಕ್ಷಾ ನಮ್ಮ ಏರು ಹತ್ತತೊಡಗಿತು. ಅಮ್ಮ, “ಗುಜರಿಗೆ ಬೇಡ. ಹಲ್ಲು ಹೋಯ್ತು ಅಂತ ಇಡೀ ಮನುಷ್ಯನನ್ನು ಯಾರೂ ಬಿಸಾಡುದಿಲ್ಲ,” ಎಂದಳು. ನನಗೆ ಅಳು ಬರುವಷ್ಟು ಸಂತೋಷವಾಯಿತು. “ಆದ್ರೆ ಹೊಸ ಹಲ್ಲು ಹಾಕಿಸುವಾಗ ಹಿಂದೆ ಒಂದು ಕ್ಯಾರಿಯರ್ ಕೂಡ ಹಾಕಿಸು. ಹೇಗೂ ಬಂದರಿನಿಂದ ಬರುದಲ್ವಾ, ಮೀನು ತರಬಹುದು.”

ಈಗ ಚೈನ್ ಜಾರುವುದಿಲ್ಲ. ನಾನು ಸದ್ದಿಲ್ಲದೆ ಏರು ಹತ್ತುತ್ತೇನೆ. ಹಿಂದೆ ಬಂಗುಡೆ ಇರುತ್ತದೆ. ಪುಣ್ಯಕ್ಕೆ ಅದು ಮಾತಾಡುವುದಿಲ್ಲ.